ಎರಡು ವಾಕ್ಯಗಳಲ್ಲಿ ಮುಗಿಸಿದ ಪಾಠ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಈಗ ಅವನೂ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಶಿಕ್ಷಕ. ಕುಶಲೋಪರಿಯ ಮಾತುಗಳಾದ ಮೇಲೆ ಸ್ವಲ್ಪ ಹಿಂಜರಿಯುತ್ತಾ, "ಸರ್, ತಪ್ಪು ತಿಳಿಯಬೇಡಿ. ತಾವು ಸ್ವಾತಂತ್ರ್ಯ ಹೋರಾಟದ ಪಾಠವನ್ನು ವಾರಗಟ್ಟಲೆ ಮಾಡುತ್ತಿದ್ದಿರಿ. ವಿದುರಾಶ್ವತ್ಥ, ಈಸೂರು ಎಂದರೆ ತಮ್ಮ ಗಂಟಲು ಕಟ್ಟುತ್ತಿತ್ತು. ಆದರೆ ತುರ್ತು ಪರಿಸ್ಥಿತಿಯನ್ನು ಎರಡೇ ವಾಕ್ಯಗಳಲ್ಲಿ ಮುಗಿಸಿ ಮುಂದಿನ ಪುಟಕ್ಕೆ ಹೋಗಿಬಿಡುತ್ತಿದ್ದಿರಿ. ಏಕೆ ಸರ್?" ಎಂದು ಕೇಳಿದ.

ಪಠ್ಯಪುಸ್ತಕದಲ್ಲಿ ಇದ್ದದ್ದೇ ಅಷ್ಟು ಎಂದು ಹೇಳಿ ಪಾರಾದೆ. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ಪಠ್ಯಪುಸ್ತಕದಲ್ಲಿ ಈಸೂರಿನ ಬಗೆಗೂ ಹೆಚ್ಚೇನೂ ಇರಲಿಲ್ಲವಲ್ಲ! ಅಂದು ರಾತ್ರಿ ನಿದ್ರೆ ಬರಲಿಲ್ಲ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಯ ಕೆಲವು ಸಂಗತಿಗಳೂ ಇದರಲ್ಲಿ ಬರುವುದರಿಂದ ಅಕ್ಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆಂಬುದನ್ನು ಬಂಧುಗಳು ಗಮನಿಸಬೇಕು.

1975ರ ಜೂನ್ 12ರಂದು ಅಲಹಾಬಾದ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು, ರಾಯ್‌ಬರೇಲಿಯಿಂದ ಶ್ರೀಮತಿ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುವೆಂದು ಘೋಷಿಸಿದರು. ಸರ್ವೋಚ್ಚ ನ್ಯಾಯಾಲಯ ಷರತ್ತುಬದ್ಧ ತಡೆಯಾಜ್ಞೆಯನ್ನಷ್ಟೇ ನೀಡಿತು. ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ಸಂವಿಧಾನದ 352ನೇ ವಿಧಿಯ ಅನ್ವಯ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಮಂತ್ರಿಮಂಡಲಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಗ್ಗೆ. ಅಷ್ಟರಲ್ಲಿ ದೆಹಲಿಯ ಬಹದ್ದೂರ್ ಷಾ ಜಫರ್ ಮಾರ್ಗದ ಪತ್ರಿಕಾ ಮುದ್ರಣಾಲಯಗಳ ವಿದ್ಯುತ್ ಕಡಿತವಾಗಿತ್ತು, ಬಂಧನಗಳೂ ಆರಂಭವಾಗಿದ್ದವು. ಸಂಸತ್ತಿನ ಜಂಟಿ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರ ಇವರನ್ನು ಇಲ್ಲಿಯೇ ಬಂಧಿಸಿ ಕೇಂದ್ರ ಕಾರಾಗೃಹಕ್ಕೆ ಕಳುಹಿಸಲಾಯಿತು. ಆ ಸಮಿತಿ ಪರಿಶೀಲಿಸುತ್ತಿದ್ದದ್ದು ಪಕ್ಷಾಂತರ ನಿಷೇಧದ ಮಸೂದೆಯನ್ನು!

ಇದರಲ್ಲಿ ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕಾದದ್ದು ಬೇರೆಯೇ ಇದೆ. ಟ್ಯಾಂಕುಗಳು ಬೀದಿಗೆ ಬರಲಿಲ್ಲ, ಸೇನೆ ಸಂಸತ್ತನ್ನು ಸುತ್ತುವರಿಯಲಿಲ್ಲ. ಪ್ರತಿಯೊಂದು ಹೆಜ್ಜೆಗೂ ಒಂದು ಕಾಗದವಿತ್ತು, ಕಾಗದದ ಮೇಲೆ ಸಹಿ ಇತ್ತು, ಮೊಹರಿತ್ತು. ವಿಚಾರಣೆಯಿಲ್ಲದೆ ಬಂಧನದಲ್ಲಿಡಲು 1971ರಲ್ಲೇ ಆದ ಮೀಸಾ ಕಾಯಿದೆಯಿತ್ತು. ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯ ಪ್ರಶ್ನಿಸದಂತೆ 39ನೇ ತಿದ್ದುಪಡಿ ಬಂದಿತು. 42ನೇ ತಿದ್ದುಪಡಿ ಲೋಕಸಭೆಯ ಅವಧಿಯನ್ನು ಐದರಿಂದ ಆರು ವರ್ಷಕ್ಕೆ ಏರಿಸಿತು. ಎಲ್ಲವೂ ನಿಯಮದ ಪ್ರಕಾರವೇ! ನಿಯಮಕ್ಕೆ ತಲೆಬಾಗುವುದನ್ನೇ ಮಕ್ಕಳಿಗೆ ಕಲಿಸುವ ನಮ್ಮಂತಹ ಶಿಕ್ಷಕರಿಗೆ ಇದು ನುಂಗಲಾರದ ತುತ್ತು.

ಆಗ ನಾನು ಅರಸೀಕೆರೆಯಲ್ಲಿ ಪಿ.ಯು.ಸಿ. ವಿದ್ಯಾರ್ಥಿ, ಹದಿನೇಳು ವರ್ಷ. ತಂದೆಯವರು ಸರ್ಕಾರಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ನಿಜ ಹೇಳಬೇಕೆಂದರೆ ನಮ್ಮೂರಿನಲ್ಲಿ ಬಹುಮಂದಿಗೆ ತುರ್ತು ಪರಿಸ್ಥಿತಿ ಹಿಡಿಸಿತ್ತು. ಜಂಕ್ಷನ್ ಊರಾದ್ದರಿಂದ ನಮಗೆ ರೈಲೇ ಗಡಿಯಾರ. ರೈಲು ಹೊತ್ತಿಗೆ ಸರಿಯಾಗಿ ಬರುತ್ತಿದೆ, ಕಛೇರಿಯಲ್ಲಿ ಗುಮಾಸ್ತರು ಹತ್ತು ಗಂಟೆಗೆ ಕುರ್ಚಿಯಲ್ಲಿರುತ್ತಾರೆ, ಅಂಗಡಿಯಲ್ಲಿ ಬೆಲೆಪಟ್ಟಿ ತೂಗುಹಾಕಿದ್ದಾರೆ ಎಂದು ತಂದೆಯವರು ಜಗುಲಿಯಲ್ಲಿ ಕುಳಿತು ಮೆಚ್ಚಿಕೊಂಡು ಮಾತನಾಡುತ್ತಿದ್ದರು. ಬಸ್ ನಿಲ್ದಾಣದ ಗೋಡೆಯ ಮೇಲೆ ಇಪ್ಪತ್ತು ಅಂಶಗಳ ಕಾರ್ಯಕ್ರಮವನ್ನು ದಪ್ಪಕ್ಷರಗಳಲ್ಲಿ ಬರೆಸಿದ್ದರು. ಅದರ ಕೆಳಗೆ ನಿಂತು ಜನ ಮಳೆ, ಬೆಳೆ, ಕೊಬ್ಬರಿಯ ಧಾರಣೆಯ ಬಗ್ಗೆ ಮಾತ್ರ ಮಾತನಾಡುತ್ತಿದ್ದರು.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ದರ್ಜಿಯಿದ್ದರು. ನಾವೆಲ್ಲ ಟೈಲರ್ ಮಾವ ಎನ್ನುತ್ತಿದ್ದೆವು. ಯೌವನದಲ್ಲಿ ಶಾಂತವೇರಿ ಗೋಪಾಲಗೌಡರ ಭಾಷಣ ಕೇಳಿ ಸಮಾಜವಾದಿಯಾದವರು. ಹೊಲಿಗೆ ಯಂತ್ರದ ಮೇಲ್ಗಡೆ ಲೋಹಿಯಾ ಅವರ ಚಿತ್ರವಿತ್ತು. 1975ರ ನವೆಂಬರ್ 14ರಿಂದ ದೇಶದಾದ್ಯಂತ ಸತ್ಯಾಗ್ರಹ ಆರಂಭವಾದಾಗ ಇವರೂ ಇನ್ನು ಮೂವರೊಂದಿಗೆ ಬಸ್ ನಿಲ್ದಾಣದ ಮುಂದೆ ನಿಂತು ಘೋಷಣೆ ಕೂಗಿದರು. ಕೂಗಿದ್ದು ಹೆಚ್ಚೆಂದರೆ ಐದು ನಿಮಿಷ. ಮೊದಲು ಹಾಸನಕ್ಕೆ, ಅನಂತರ ಬೆಂಗಳೂರಿಗೆ ಅವರನ್ನು ಕರೆದೊಯ್ದರು. ಅವರು ಹಿಂತಿರುಗಿದ್ದು 1977ರ ಆರಂಭದಲ್ಲಿ.

ಮನೆಯಲ್ಲಿ ಉಳಿದವರು ಅತ್ತೆ ಮತ್ತು ಇಬ್ಬರು ಸಣ್ಣ ಮಕ್ಕಳು. ಅತ್ತೆಗೂ ಹೊಲಿಗೆ ಬರುತ್ತಿತ್ತು. ಆದರೆ ಬಟ್ಟೆ ಕೊಡುವವರು ಯಾರು? ಆ ಮನೆಗೆ ಹೋಗಬಾರದೆಂದು ಸರ್ಕಾರ ಆಜ್ಞೆ ಹೊರಡಿಸಿರಲಿಲ್ಲ. ಊರೇ ತನಗೆ ತಾನು ಆಜ್ಞೆ ಹೊರಡಿಸಿಕೊಂಡಿತು. ತಂದೆಯವರು ನನ್ನನ್ನು ಕರೆದು, "ಸರ್ಕಾರಿ ನೌಕರಿಯ ಮನೆ ಇದು, ಆ ಕಡೆ ಸುಳಿಯಬೇಡ" ಎಂದರು. ಅಮ್ಮ ಒಳಗಿನಿಂದಲೇ, "ಹೊಲಿಯೋರ ಮನೆಗೆ ಬಟ್ಟೆ ಕೊಡೋಕ್ಕೂ ಸರ್ಕಾರದ ಅಪ್ಪಣೆ ಬೇಕಾ?" ಎಂದದ್ದು ನನಗೆ ಈಗಲೂ ಕೇಳಿಸುತ್ತದೆ.

ನಮ್ಮ ಮನೆಯಲ್ಲಿ ಹೊಸ ಬಟ್ಟೆ ಯುಗಾದಿಗೆ ಒಮ್ಮೆ ಮಾತ್ರ. ಆದರೂ ಅಮ್ಮ ಹದಿನೈದು ದಿನಕ್ಕೊಮ್ಮೆ ಏನಾದರೊಂದನ್ನು ಹುಡುಕಿ ತೆಗೆಯುತ್ತಿದ್ದಳು. ಹಳೆಯ ರವಿಕೆಯ ಹೊಲಿಗೆ ಬಿಚ್ಚಿ ಮತ್ತೆ ಹೊಲಿಸುವುದು, ಸೀರೆಗೆ ಅಂಚು, ದಿಂಬಿನ ಚೀಲ, ತಂದೆಯವರ ಷರ್ಟಿನ ಕಾಲರ್ ತಿರುಗಿಸಿ ಹಾಕಿಸುವುದು. ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡುತ್ತಿದ್ದಳು. ಕೆಲವು ತಿಂಗಳಲ್ಲಿ ಇನ್ನೂ ಮೂರ್ನಾಲ್ಕು ಮನೆಯ ಹೆಂಗಸರು ಅದೇ ದಾರಿ ಹಿಡಿದರು. ಗಂಡಸರ ಗಮನಕ್ಕೆ ಬಂದಿರಲಿಲ್ಲವೆಂದಲ್ಲ, ಬಾರದಂತೆ ಇದ್ದರು.

ಬಟ್ಟೆಯ ಗಂಟನ್ನು ಹೊತ್ತು ಹೋಗುತ್ತಿದ್ದವನು ನಾನು. ಒಂದು ಸಂಜೆ ಬೀದಿಯ ತಿರುವಿನಲ್ಲಿ ಪೊಲೀಸ್ ಪೇದೆಯೊಬ್ಬರು ಸೈಕಲ್ಲಿಗೆ ಒರಗಿ ನಿಂತಿದ್ದರು. "ಏನಪ್ಪಾ, ಆ ಮನೆಯವರು ನಿಮಗೇನಾಗಬೇಕು?" ಎಂದು ಕೇಳಿದರು. ಗದರಿಸಲೂ ಇಲ್ಲ, ಬರಿದೆ ಕೇಳಿದರು. ನಾನು, "ಅವರು ನಮಗೆ ಗೊತ್ತಿಲ್ಲ ಸಾರ್, ನಾನು ಪಕ್ಕದ ಮನೆಗೆ" ಎಂದೆ. ಹಾಗೆಂದವನು ಪಕ್ಕದ ಮನೆಯ ಬಾಗಿಲನ್ನೇ ತಟ್ಟಿ, ಏನೋ ನೆಪ ಹೇಳಿ, ಗಂಟಿನೊಡನೆ ಹಿಂತಿರುಗಿದೆ. ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. ಅವರಿಗೆ ನನ್ನ ಮಾತು ಕೇಳಿಸಿತ್ತು. ಮುಂದಿನ ಸಲ ಹೋದಾಗ ಎಂದಿನಂತೆ ಕುಡಿಯಲು ಮಜ್ಜಿಗೆ ಕೊಟ್ಟರು, ಒಂದು ಮಾತನ್ನೂ ಆಡಲಿಲ್ಲ.

ನಾನು ಎರಡೇ ವಾಕ್ಯಗಳಲ್ಲಿ ಪಾಠ ಮುಗಿಸುತ್ತಿದ್ದದ್ದು ಇದಕ್ಕಾಗಿ. ಮೂರನೆಯ ವಾಕ್ಯ ಆರಂಭಿಸಿದರೆ ಆ ಹೊಸ್ತಿಲು ಕಣ್ಣ ಮುಂದೆ ಬರುತ್ತಿತ್ತು.

ಇನ್ನು, ಹೆದರದಿದ್ದವರ ಕಥೆಗೆ ಬರೋಣ. ಅವರಲ್ಲಿ ದೊಡ್ಡ ನಾಯಕರನ್ನು ಎಲ್ಲರೂ ಬಲ್ಲರು. ನನಗೆ ಹೆಚ್ಚು ಪ್ರಿಯವಾದದ್ದು ಮುಂಬಯಿಯಲ್ಲಿ 1975ರ ಜೂನ್ 28ರ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ಬಂದ ಪುಟ್ಟ ವರ್ಗೀಕೃತ ಜಾಹೀರಾತು. ಡಿ. ಇ. ಎಂ. ಓಕ್ರಸಿ ಎಂಬುವರು ಜೂನ್ 26ರಂದು ತೀರಿಕೊಂಡರೆಂದೂ, ಪತ್ನಿ ಟಿ. ರೂತ್, ಪುತ್ರ ಎಲ್. ಐ. ಬರ್ಟಿ ಮೊದಲಾದವರನ್ನು ಅಗಲಿದ್ದಾರೆಂದೂ ಅದರಲ್ಲಿತ್ತು. ಅಕ್ಷರಗಳನ್ನು ಕೂಡಿಸಿ ಓದಿದರೆ ಡೆಮಾಕ್ರಸಿ, ಟ್ರೂತ್, ಲಿಬರ್ಟಿ! ಒಬ್ಬ ಪತ್ರಕರ್ತ ಹಣ ಕಟ್ಟಿ ಹಾಕಿಸಿದ ನಿಧನವಾರ್ತೆ ಸೆನ್ಸಾರಿನ ಕಣ್ಣು ತಪ್ಪಿಸಿ ಬಂದುಬಿಟ್ಟಿತ್ತು. ಅದೇ ದಿನ 'ಇಂಡಿಯನ್ ಎಕ್ಸ್‌ಪ್ರೆಸ್' ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರಕಟವಾಯಿತು. ನಮ್ಮ ಶಿವರಾಮ ಕಾರಂತರು ತಮ್ಮ ಪದ್ಮಭೂಷಣ ಪ್ರಶಸ್ತಿಯನ್ನು ಸರ್ಕಾರಕ್ಕೆ ಹಿಂತಿರುಗಿಸಿದರು.

'ಸಂಸ್ಕಾರ' ಚಲನಚಿತ್ರದ ಚಂದ್ರಿಯನ್ನು ನೀವು ನೋಡಿರಬಹುದು. ಆ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಅದೇ ಕೇಂದ್ರ ಕಾರಾಗೃಹದಲ್ಲಿ ಇಟ್ಟರು. ಜಾರ್ಜ್ ಫರ್ನಾಂಡಿಸ್ ಅವರ ಸ್ನೇಹವೇ ಅವರಿಗೆ ಮುಳುವಾಯಿತು. ಉಬ್ಬಸದ ರೋಗಿ. ಅಪರಾಧ ಯಾವುದೂ ಸಾಬೀತಾಗಲಿಲ್ಲ. ಆರೋಗ್ಯ ಪೂರ್ತಿ ಕುಸಿದ ಮೇಲೆ 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಗೆ ಬಿಟ್ಟರು. ಐದು ದಿನಗಳಲ್ಲಿ ತೀರಿಕೊಂಡರು. ಆ ಕಾರಾಗೃಹದ ಸ್ಥಳ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡುವವರು ಅಲ್ಲಿಯೇ ಮಾಡಬೇಕೆಂದು 2021ರ ಆದೇಶ ಹೇಳುತ್ತದೆ. ಸ್ವಾತಂತ್ರ್ಯಕ್ಕೆ ಗೊತ್ತುಪಡಿಸಿದ ಜಾಗ ಹಳೆಯ ಜೈಲಾಗಿರುವುದನ್ನು ನೋಡಿ ನನಗೆ ನಗು ಬಂದಿತ್ತು, ಪೂರ್ತಿ ಬರಲಿಲ್ಲ.

ನ್ಯಾಯಾಲಯದ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಂಧಿತರು ನ್ಯಾಯಾಲಯದ ಮೊರೆ ಹೋಗಬಹುದೆಂದು ನಮ್ಮ ಕರ್ನಾಟಕವೂ ಸೇರಿದಂತೆ ಒಂಬತ್ತು ಉಚ್ಚ ನ್ಯಾಯಾಲಯಗಳು ಹೇಳಿದವು. ಸರ್ಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಪೊಲೀಸಿನವನೊಬ್ಬ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಕೇಳಿದಾಗ, ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬರ್ಥದ ಉತ್ತರವನ್ನು ಅಟಾರ್ನಿ ಜನರಲ್ ನಿರೇನ್ ಡೇ ಕೊಟ್ಟರು. 1976ರ ಏಪ್ರಿಲ್ 28ರಂದು ತೀರ್ಪು ಬಂದಿತು. ನಾಲ್ವರು ಸರ್ಕಾರದ ಕಡೆ, ಖನ್ನಾ ಒಬ್ಬರೇ ಎದುರು. ಈ ತೀರ್ಪಿನಿಂದ ಮುಖ್ಯ ನ್ಯಾಯಮೂರ್ತಿಯ ಪದವಿ ತಪ್ಪುವುದೆಂದು ಅವರು ತಮ್ಮ ಸಹೋದರಿಗೆ ಮೊದಲೇ ಹೇಳಿದ್ದರಂತೆ. ಹಾಗೆಯೇ ಆಯಿತು. 1977ರ ಜನವರಿಯಲ್ಲಿ ಕಿರಿಯರಾದ ಎಂ. ಎಚ್. ಬೇಗ್ ಅವರನ್ನು ಮೇಲೇರಿಸಿದರು, ಖನ್ನಾ ರಾಜೀನಾಮೆ ಕೊಟ್ಟರು.

ಅಲ್ಪಮತದ ಆ ತೀರ್ಪಿಗೆ ಬೆಲೆ ಬಂದದ್ದು ನಲವತ್ತೊಂದು ವರ್ಷಗಳ ಬಳಿಕ, ನಮ್ಮವರೊಬ್ಬರ ಮೂಲಕ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ವಿಷಯವಾಗಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. 1976ರ ಬಹುಮತದ ತೀರ್ಪು ತಪ್ಪೆಂದು ಅದರಲ್ಲಿ ಬರೆದವರು ಡಿ. ವೈ. ಚಂದ್ರಚೂಡ್. ಅಂದಿನ ನಾಲ್ವರಲ್ಲಿ ಒಬ್ಬರು ಅವರ ತಂದೆ ವೈ. ವಿ. ಚಂದ್ರಚೂಡ್! ಮಗ ತಂದೆಯ ತಪ್ಪನ್ನು ತಿದ್ದಿದ ಈ ಪ್ರಸಂಗವನ್ನು ಓದಿದಾಗ ನನ್ನ ತಂದೆಯವರ ನೆನಪಾಯಿತು. ಅವರಿಗೆ ನಾನು ಮಾಡಿದ ಅನ್ಯಾಯವೂ ನೆನಪಾಯಿತು. ಅದಕ್ಕೆ ಬರುತ್ತೇನೆ.

1977ರ ಮಾರ್ಚ್‌ನಲ್ಲಿ ಚುನಾವಣೆ ನಡೆಯಿತು. ಆಗ ಮತದಾನದ ವಯಸ್ಸು ಇಪ್ಪತ್ತೊಂದು, ನನಗೆ ಮತವಿರಲಿಲ್ಲ. ಉತ್ತರ ಪ್ರದೇಶದ 85, ಬಿಹಾರದ 54 ಸ್ಥಾನಗಳಲ್ಲಿ ಒಂದನ್ನೂ ಕಾಂಗ್ರೆಸ್ ಉಳಿಸಿಕೊಳ್ಳಲಿಲ್ಲ. ಕರ್ನಾಟಕದಲ್ಲಿಯೋ? 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೆ. ಕನ್ನಡಿಗರು ಸರ್ವಾಧಿಕಾರವನ್ನು ಸೋಲಿಸಿದರೆಂದು ಭಾಷಣ ಮಾಡುವವರು ಈ ಲೆಕ್ಕವನ್ನು ಹೇಳುವುದಿಲ್ಲ. ಹಾಗೆಂದು ನಮ್ಮ ಜನ ದಡ್ಡರೆನ್ನುವುದಕ್ಕೂ ನಾನು ಸಿದ್ಧನಿಲ್ಲ. ದೇವರಾಜ ಅರಸರ ಕಾಲದ ಭೂಸುಧಾರಣೆಯಿಂದ ಗೇಣಿದಾರರಿಗೆ ಮೊದಲ ಬಾರಿ ಹೊಲದ ಪಹಣಿಯಲ್ಲಿ ಹೆಸರು ಬಂದಿತ್ತು. ಉತ್ತರದ ಘೋರಗಳು ಇಲ್ಲಿ ಅಷ್ಟಾಗಿ ಕಂಡಿರಲಿಲ್ಲ. ಹೊಲ ಕೊಟ್ಟ ಕೈ ಬಾಯಿ ಮುಚ್ಚಿಸಿದರೆ ಬಡವನು ಏನು ಮಾಡಬೇಕು? ಈ ಪ್ರಶ್ನೆಗೆ ಹೊಟ್ಟೆ ತುಂಬಿದ ನಾನು ಉತ್ತರ ಹೇಳಲಾರೆ.

ನಮ್ಮ ಮನೆಯಲ್ಲಿ ತಂದೆಯವರ ಮತ ಕಾಂಗ್ರೆಸ್ಸಿಗೆ, ಅಮ್ಮನ ಮತ ಯಾರಿಗೆಂದು ಅವಳು ಹೇಳಲಿಲ್ಲ. ಆ ಒಂದು ಕಾರಣಕ್ಕೆ ನಾನು ತಂದೆಯವರನ್ನು ಅಂಜುಬುರುಕರೆಂದು ಬಗೆದು, ಬಿ.ಎಡ್. ಮುಗಿಸಿ ನೌಕರಿಗೆ ಸೇರಿದ ಮೇಲೂ ಬಹುಕಾಲ ಅವರೊಡನೆ ರಾಜಕೀಯದ ಮಾತೇ ಆಡಲಿಲ್ಲ. ಪೇದೆಯ ಮುಂದೆ ನಾನು ನಿಂತ ರೀತಿಯನ್ನು ಮಾತ್ರ ಮರೆತಂತಿದ್ದೆ.

ಅವರು 1996ರಲ್ಲಿ ತೀರಿಕೊಂಡರು. ವೈಕುಂಠ ಸಮಾರಾಧನೆ ಕಳೆದ ಮೇಲೆ ಅವರ ಟ್ರಂಕನ್ನು ಅಕ್ಕ ಬಿಚ್ಚಿದಾಗ, ಸೇವಾ ಪುಸ್ತಕದ ಕಾಗದಗಳ ನಡುವೆ 1976ರ ಒಂದು ಜ್ಞಾಪನವಿತ್ತು. ಆ ವರ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗೆ ದೇಶಾದ್ಯಂತ ಗುರಿ ನಿಗದಿಪಡಿಸಿದ್ದರು. 1976-77ರಲ್ಲಿ 81 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವೆಂದು ಷಾ ಆಯೋಗದ ವರದಿ ಹೇಳುತ್ತದೆ. ನಮ್ಮ ತಂದೆಯವರಿಗೂ ಎರಡು 'ಕೇಸು' ತರಬೇಕೆಂದು ಮೇಲಿನ ಕಛೇರಿಯಿಂದ ಹೇಳಿದ್ದರು. ತಂದದ್ದು ಒಂದೇ, ಆದ್ದರಿಂದ ಎರಡು ತಿಂಗಳ ವೇತನ ತಡೆಹಿಡಿಯಲಾಗಿದೆ ಎಂದು ಆ ಕಾಗದದಲ್ಲಿತ್ತು.

"ಆ ಒಂದು ಯಾರಮ್ಮಾ?" ಎಂದು ಕೇಳಿದೆ.

"ನಿಮ್ಮಪ್ಪನೇ" ಎಂದಳು ಅಮ್ಮ. "ಶಾಲೆ ಮಕ್ಕಳ ಅಪ್ಪಂದಿರನ್ನ ಹೇಗೆ ಹಿಡಕೊಂಡು ಹೋಗಲಿ ಅಂತ ರಾತ್ರಿಯೆಲ್ಲ ಕೂತಿದ್ದರು. ಬೆಳಗ್ಗೆ ಎದ್ದು ಕ್ಯಾಂಪಿಗೆ ತಾವೇ ಹೋದರು. ಇನ್ನೊಂದಕ್ಕೆ ಯಾರೂ ಸಿಗಲಿಲ್ಲ ಅಂತ ಬರೆದುಕೊಟ್ಟರು."

ಆ ಎರಡು ತಿಂಗಳು ಮನೆ ಹೇಗೆ ನಡೆಯಿತೆಂದು ಕೇಳಿದೆ. ಅಂಗಡಿಯ ಸಾಲ ಸಾಲದೇ ಹೋದಾಗ ಟೈಲರ್ ಮಾವನ ಮನೆಯ ಅತ್ತೆ ಹೊಲಿಗೆಯ ಕೂಲಿಯನ್ನೆಲ್ಲ ಕೂಡಿಟ್ಟು, ಒಂದು ಸಂಜೆ ಹಿತ್ತಿಲ ಬಾಗಿಲಿನಿಂದ ಬಂದು ಅಮ್ಮನ ಕೈಯಲ್ಲಿಟ್ಟು ಹೋದರಂತೆ.

ಆ ಜ್ಞಾಪನದ ಜೆರಾಕ್ಸ್ ಪ್ರತಿಯನ್ನು ಮೊನ್ನೆ ನನ್ನ ವಿದ್ಯಾರ್ಥಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಕಛೇರಿಯ ಹೆಸರನ್ನೂ ಸಹಿಯನ್ನೂ ಮಸಿಯಿಂದ ಮುಚ್ಚಿದ್ದೇನೆ, ಅಲ್ಲಿ ಈಗಿರುವವರಿಗೆ ಅದರಲ್ಲಿ ಪಾಲಿಲ್ಲ. ಹತ್ತನೆಯ ತರಗತಿಯಲ್ಲಿ ಅದನ್ನು ಓದಿ ತೋರಿಸುತ್ತೇನೆ, ತಾವೂ ಬರಬೇಕು ಸರ್ ಎಂದಿದ್ದಾನೆ. ಬರುತ್ತೇನೆಂದು ಒಪ್ಪಿದ್ದೇನೆ.