ಪ್ರಾಧ್ಯಾಪಕರ ಮನೆಯಲ್ಲಿ ಹುಟ್ಟಿದ ಬಾನುಲಿ

ಸಂಬಳದ ಕೆಲಸದಲ್ಲಿ ಇದ್ದುಕೊಂಡೇ ಸ್ವಂತದ್ದೊಂದು ಹೊಸ ಉದ್ಯಮವನ್ನು ಕಟ್ಟಬಹುದೇ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಕಾಲೇಜುಗಳಲ್ಲೂ ಇಂದು 'ಸ್ಟಾರ್ಟ್‌ಅಪ್' ಎಂಬ ಮಾತು ಕೇಳಿಬರುತ್ತದೆ. ತಿಂಗಳ ಸಂಬಳದ ಕೆಲಸ ಸಿಕ್ಕರೆ ಸಾಕು ಎನ್ನುವ ತಂದೆ ತಾಯಿಯರು ಒಂದು ಕಡೆ, ಏನಾದರೂ ಹೊಸದನ್ನು ಮಾಡಬೇಕೆನ್ನುವ ಹಂಬಲ ಇನ್ನೊಂದು ಕಡೆ. ಈ ಇಕ್ಕಟ್ಟು ಹೊಸದೇನಲ್ಲ. ನಮ್ಮ ಮೈಸೂರಿನಲ್ಲಿಯೇ 1935ರಲ್ಲಿ ಕಾಲೇಜು ಅಧ್ಯಾಪಕರೊಬ್ಬರು ತಮ್ಮ ಹುದ್ದೆಯನ್ನು ಬಿಡದೆ, ದೇಶವೇ ನೆನಪಿಡುವಂಥ ಒಂದು ಸಂಸ್ಥೆಯನ್ನು ಮನೆಯಲ್ಲಿ ಆರಂಭಿಸಿದರು. ಅವರೇ ಡಾ. ಎಂ.ವಿ. ಗೋಪಾಲಸ್ವಾಮಿ; ಆ ಸಂಸ್ಥೆಯೇ 'ಆಕಾಶವಾಣಿ'.

ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಪ್ರಸಿದ್ಧ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಅಧ್ಯಯನ ಮಾಡಿದವರು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಸೀಲ್ ಅವರ ಆಸಕ್ತಿಯಿಂದ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿ ಬೆಳೆಸುವ ಹೊಣೆ ಗೋಪಾಲಸ್ವಾಮಿಯವರದಾಯಿತು. ಮಹಾರಾಜ ಕಾಲೇಜಿನಲ್ಲಿ ಪಾಠ, ಪ್ರಯೋಗಾಲಯ, ವಿದ್ಯಾರ್ಥಿಗಳು: ಒಬ್ಬ ಮನುಷ್ಯನಿಗೆ ಇಷ್ಟೇ ಸಾಕಾದಷ್ಟು ಕೆಲಸವಾಗಿತ್ತು.

ಆ ಹೊತ್ತಿಗೆ ಭಾರತದಲ್ಲಿ ರೇಡಿಯೋದ ಸ್ಥಿತಿ ಹೇಗಿತ್ತು ಎಂಬುದನ್ನು ಇಲ್ಲಿ ನೋಡಬೇಕು. 1927ರಲ್ಲಿ 'ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿ' ಎಂಬ ಖಾಸಗಿ ಸಂಸ್ಥೆ ಮುಂಬಯಿ ಮತ್ತು ಕಲ್ಕತ್ತಾಗಳಲ್ಲಿ ತಲಾ ಒಂದೂವರೆ ಕಿಲೋವಾಟ್ ಶಕ್ತಿಯ ಕೇಂದ್ರಗಳನ್ನು ತೆರೆಯಿತು. ರೇಡಿಯೋ ಇಟ್ಟುಕೊಂಡವರು ವರ್ಷಕ್ಕೆ 10 ರೂಪಾಯಿ ಲೈಸೆನ್ಸ್ ಶುಲ್ಕ ಕೊಡಬೇಕಿತ್ತು. ಆ ಶುಲ್ಕದ ಪಾಲೇ ಕಂಪೆನಿಯ ಮುಖ್ಯ ವರಮಾನ. ಆದರೆ ರೇಡಿಯೋ ಪೆಟ್ಟಿಗೆ ದುಬಾರಿ, ಕೊಳ್ಳುವವರು ಕಡಿಮೆ. ಖರ್ಚು ತೂಗಲಿಲ್ಲ. ಮೂರೇ ವರ್ಷಗಳಲ್ಲಿ, 1930ರಲ್ಲಿ, ಕಂಪೆನಿ ಮುಚ್ಚಿತು. ಬಂಡವಾಳವಿದ್ದ ಕಂಪೆನಿಗೇ ಈ ಗತಿಯಾದ ಮೇಲೆ ಒಬ್ಬ ಅಧ್ಯಾಪಕರು ರೇಡಿಯೋಗೆ ಕೈಹಾಕುವುದು ಹುಚ್ಚು ಸಾಹಸವೆಂದೇ ತೋರುತ್ತದೆ.

ಗೋಪಾಲಸ್ವಾಮಿಯವರು ಇಟ್ಟ ಹೆಜ್ಜೆ ಚಿಕ್ಕದು. ಒಂಟಿಕೊಪ್ಪಲಿನ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ಸ್ವಂತ ಹಣದಿಂದ 30 ವಾಟ್‌ನ ಪ್ರೇಷಕವೊಂದನ್ನು ಅಳವಡಿಸಿ, 1935ರ ಸೆಪ್ಟೆಂಬರ್ 10ರಂದು ಪ್ರಸಾರವನ್ನು ಆರಂಭಿಸಿದರು. ಮುಂಬಯಿಯ ಪ್ರೇಷಕದ ಶಕ್ತಿಯಲ್ಲಿ ಇದು ಐವತ್ತನೆಯ ಒಂದು ಪಾಲು! ಮುಂದೆ 250 ವಾಟ್‌ನ ಪ್ರೇಷಕ ಬಂದಿತು. ಮೊದಲ ದಿನಗಳಲ್ಲಿ ಇಲ್ಲಿ ಕವನ ವಾಚಿಸಿದವರಲ್ಲಿ ಅದೇ ಮಹಾರಾಜ ಕಾಲೇಜಿನ ಕನ್ನಡ ಅಧ್ಯಾಪಕರಾಗಿದ್ದ ಕುವೆಂಪು ಅವರೂ ಒಬ್ಬರು. 'ಆಕಾಶವಾಣಿ' ಎಂಬ ಹೆಸರನ್ನು ಸೂಚಿಸಿದವರು ಹಾಸ್ಯ ಸಾಹಿತಿ ನಾ. ಕಸ್ತೂರಿಯವರೆಂದು ಪ್ರಸಿದ್ಧಿ. ಅವರೂ ವಿಶ್ವವಿದ್ಯಾನಿಲಯದ ಅಧ್ಯಾಪಕರೇ.

ಕಂಪೆನಿ ಸೋತ ಕಡೆ ಮನೆಯ ರೇಡಿಯೋ ಉಳಿದದ್ದು ಹೇಗೆ? ಮೊದಲನೆಯದಾಗಿ, ಕಂಪೆನಿಯು ತನ್ನ ನೌಕರರ ಸಂಬಳವನ್ನು ಕೇಳುಗರ ಶುಲ್ಕದಿಂದಲೇ ಕೊಡಬೇಕಿತ್ತು. ಗೋಪಾಲಸ್ವಾಮಿಯವರ ಮನೆಯ ಒಲೆ ಉರಿಯುತ್ತಿದ್ದುದು ಕಾಲೇಜಿನ ಸಂಬಳದಿಂದ. ಆದ್ದರಿಂದ ರೇಡಿಯೋ ಮೊದಲ ದಿನದಿಂದಲೇ ಲಾಭ ತರಬೇಕೆಂಬ ಒತ್ತಡ ಅವರಿಗಿರಲಿಲ್ಲ. ಎರಡನೆಯದಾಗಿ, ಕವಿಗಳು, ಪಂಡಿತರು, ಸಂಗೀತಗಾರರು ತುಂಬಿದ್ದ ಊರು ಮೈಸೂರು. ಅವರಲ್ಲಿ ಹಲವರು ಅಧ್ಯಾಪಕರಿಗೆ ಸಹೋದ್ಯೋಗಿಗಳು. ಅಂದರೆ ಹುದ್ದೆಯು ಅವರಿಗೆ ಅನ್ನವನ್ನೂ ಕೊಟ್ಟಿತು, ಜನರನ್ನೂ ಕೊಟ್ಟಿತು.

ಕನ್ನಡದಲ್ಲಿ ಇಂಥ ಉದಾಹರಣೆ ಇದೊಂದೇ ಅಲ್ಲ. 1942ರಲ್ಲಿ 'ಕೊರವಂಜಿ' ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದ ರಾಶಿಯವರು, ಎಂದರೆ ಡಾ. ಎಂ. ಶಿವರಾಂ, ಬೆಂಗಳೂರಿನ ವೈದ್ಯರು. ರೋಗಿಗಳನ್ನು ನೋಡುತ್ತಲೇ ಅವರು ಆ ಪತ್ರಿಕೆಯನ್ನು ಇಪ್ಪತ್ತೈದು ವರ್ಷ ನಡೆಸಿದರು.

ಹಾಗೆಂದು ಸಂಬಳದ ಬಲಕ್ಕೆ ಮಿತಿಯೇ ಇಲ್ಲವೆಂದು ತಿಳಿಯಬಾರದು. ಪ್ರಸಾರವೆಂದರೆ ದಿನವೂ ತಪ್ಪದೆ ನಡೆಯಬೇಕಾದ ಕೆಲಸ. ಒಬ್ಬ ಅಧ್ಯಾಪಕರ ಜೇಬು ಅದನ್ನು ಎಷ್ಟು ಕಾಲ ಹೊರಬಲ್ಲದು? ಮೈಸೂರು ನಗರಸಭೆಯ ನೆರವು ಬೇಕಾಯಿತು. 1940ರ ದಶಕದ ಆರಂಭದಲ್ಲಿ ಸಂಸ್ಥಾನದ ಸರ್ಕಾರವೇ ಕೇಂದ್ರವನ್ನು ವಹಿಸಿಕೊಂಡಿತು. 1950ರ ಏಪ್ರಿಲ್ 1ರಂದು ಅದು ಆಲ್ ಇಂಡಿಯಾ ರೇಡಿಯೋಗೆ ಸೇರಿತು. 1955ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ತೆರೆದಾಗ ಮೈಸೂರಿನ ಕೇಂದ್ರ ಅಲ್ಲಿಗೆ ಹೋಯಿತು. 1970ರ ದಶಕದಲ್ಲಿ ಮೈಸೂರಿಗೆ ಮತ್ತೆ ಕೇಂದ್ರ ಬಂದಿತು. ಇಷ್ಟರೊಳಗೆ, 1950ರ ದಶಕದ ಉತ್ತರಾರ್ಧದಲ್ಲಿ, 'ಆಕಾಶವಾಣಿ' ಎಂಬ ಮೈಸೂರಿನ ಹೆಸರು ಇಡೀ ದೇಶದ ಬಾನುಲಿಯ ಹೆಸರಾಗಿತ್ತು. ಕಟ್ಟಿದವರ ಕೈಬಿಟ್ಟು ಹೋದದ್ದರಿಂದಲೇ ಆ ಸಂಸ್ಥೆ ಉಳಿಯಿತು ಎಂಬುದನ್ನು ಗಮನಿಸಬೇಕು.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳ ಮಾತು. 1935ರಲ್ಲಿ ಇಲ್ಲಿನ ಬಹುಪಾಲು ಹಳ್ಳಿಗಳಿಗೆ ವಿದ್ಯುತ್ತೇ ಬಂದಿರಲಿಲ್ಲ. 30 ವಾಟ್‌ನ ದನಿ ಕಾಕನಕೋಟೆಯ ಕಾಡಿನಂಚಿನ ಹಾಡಿಗಳನ್ನು ಮುಟ್ಟುವ ಮಾತಂತೂ ದೂರ. ಆ ಕಡೆಗೆ ಹೊರಟ ಇನ್ನೊಂದು ಪ್ರಯತ್ನದ ಕಥೆ ಇಲ್ಲಿ ಹೇಳಬೇಕಾದದ್ದು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಅವರು ಗೆಳೆಯರೊಡನೆ 'ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್' ಅನ್ನು ಆರಂಭಿಸಿದರು. ಓದಿನ ಬದಿಯಲ್ಲಿ ಹುಟ್ಟಿದ ಈ ಕೆಲಸಕ್ಕೆ, ಓದು ಮುಗಿದ ಮೇಲೆ, ಅವರು ಪೂರ್ಣ ಸಮಯವನ್ನೇ ಕೊಟ್ಟು ಎಚ್.ಡಿ. ಕೋಟೆಯ ಆದಿವಾಸಿಗಳ ನಡುವೆ ನೆಲೆಸಿದರು. ಒಬ್ಬರು ಹುದ್ದೆಯಲ್ಲಿ ಉಳಿದು ಕಟ್ಟಿದರು, ಮತ್ತೊಬ್ಬರು ಅದನ್ನೇ ಜೀವನವಾಗಿಸಿಕೊಂಡು ಕಟ್ಟಿದರು. ಸರ್ಕಾರ 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಗೆ ಅವಕಾಶ ಕೊಟ್ಟ ಮೇಲೆ, ಇದೇ ಸಂಸ್ಥೆ ಸರಗೂರಿನಲ್ಲಿ 'ಜನಧ್ವನಿ' ಎಂಬ ಕೇಂದ್ರವನ್ನು ತೆರೆಯಿತು. ವಿಠ್ಠಲ ವಿಹಾರದಿಂದ ಸರಗೂರಿಗೆ ಸ್ವಂತ ರೇಡಿಯೋ ಬರಲು ಎಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಈ ಚರಿತ್ರೆಯಿಂದ ವಿದ್ಯಾರ್ಥಿಗಳು ತಿಳಿಯಬೇಕಾದದ್ದೇನು? ನಾಳೆ ನೀವು ಶಿಕ್ಷಕರಾಗಬಹುದು, ಬ್ಯಾಂಕ್ ನೌಕರರಾಗಬಹುದು, ಕಾರ್ಖಾನೆಗೆ ಸೇರಬಹುದು. ಹೊಸದನ್ನು ಕಟ್ಟುವ ಆಸೆಗಾಗಿ ಕೆಲಸವನ್ನು ಮೊದಲೇ ಬಿಡಬೇಕಾಗಿಲ್ಲ. ಆದರೆ ಕೆಲಸ ಕೊಟ್ಟವರ ನಿಯಮವನ್ನು ತಿಳಿದಿರಬೇಕು. ಸರ್ಕಾರಿ ನೌಕರರು ಪೂರ್ವಾನುಮತಿಯಿಲ್ಲದೆ ವ್ಯಾಪಾರ ನಡೆಸುವಂತಿಲ್ಲ. ಕಳೆದುಕೊಂಡರೂ ಮನೆ ಮುಳುಗದಷ್ಟು ಹಣದಿಂದಲೇ ಆರಂಭಿಸಬೇಕು. 30 ವಾಟ್ ಸಾಕಾಗುವಲ್ಲಿ ಒಂದೂವರೆ ಕಿಲೋವಾಟ್ ಏಕೆ? ಒಬ್ಬರಿಂದ ಹೊರಲಾಗದಷ್ಟು ಕೆಲಸ ಬೆಳೆದಾಗ ಜೊತೆಗಾರರನ್ನು ಸೇರಿಸಿಕೊಳ್ಳಬೇಕು, ಇಲ್ಲವೇ ಸಮರ್ಥರ ಕೈಗೆ ಒಪ್ಪಿಸಬೇಕು.

ಮೈಸೂರಿಗೆ ಹೋದಾಗ ಆಕಾಶವಾಣಿ ಕೇಂದ್ರದ ಮುಂದೆ ಒಂದು ನಿಮಿಷ ನಿಂತು ನೋಡಿ. ಪ್ರಾಧ್ಯಾಪಕರ ಆ ಮನೆ ಅಲ್ಲಿಂದ ಕೂಗಳತೆಯ ದೂರದಲ್ಲೇ ಇತ್ತು.