ಕಾಲು ಇಂಚಿನ ತಿರುಪು: ಬಿಜಾಪುರದ ಹಳೆಯ ಚಿತ್ರಗಳು ಮತ್ತು ನಿಮ್ಮ ಪುಟ್ಟ ಕ್ಯಾಮೆರಾ



ನಿಮ್ಮ ಮನೆಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇದ್ದರೆ ಅದನ್ನೊಮ್ಮೆ ಬೋರಲು ಮಾಡಿ ನೋಡಿ. ತಳದಲ್ಲಿ ಒಂದು ಸಣ್ಣ ತೂತು ಕಾಣುತ್ತದೆ; ಅದರ ಒಳಮೈಗೆ ತಿರುಪಿನ ಸುತ್ತುಗಳಿವೆ. ಕ್ಯಾಮೆರಾವನ್ನು ಟ್ರೈಪಾಡಿಗೆ, ಅಂದರೆ ನಮ್ಮ ಕಡೆಯ ಸ್ಟುಡಿಯೋದವರು 'ಸ್ಟ್ಯಾಂಡ್' ಎಂದು ಕರೆಯುವ ಮೂರು ಕಾಲಿನ ಆಸರೆಗೆ, ಬಿಗಿಯುವುದು ಇದರಿಂದಲೇ. ಕ್ಯಾಮೆರಾ ಜಪಾನಿನದಾಗಿರಲಿ, ಚೀನಾದ್ದಾಗಿರಲಿ, ಈ ತೂತಿನ ಅಳತೆ ಸಾಮಾನ್ಯವಾಗಿ ಒಂದೇ: ಅಗಲ ಕಾಲು ಇಂಚು, ಇಂಚಿಗೆ 20 ಸುತ್ತು. ಮಿಲಿಮೀಟರಿನಲ್ಲಿ ಲೆಕ್ಕ ಹಾಕುವ ದೇಶಗಳ ಕ್ಯಾಮೆರಾಕ್ಕೆ ಇಂಚಿನ ತೂತೇಕೆ? ಇದಕ್ಕೆ ಉತ್ತರ ಬೇಕಾದರೆ 1841ನೇ ಇಸವಿಗೆ ಹೋಗಬೇಕು.

ಆ ವರ್ಷ ಇಂಗ್ಲೆಂಡಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಗತಿಗಳು ನಡೆದವು. ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಎಂಬ ವಿಜ್ಞಾನಿ ಕಾಗದದ ನೆಗೆಟಿವ್ ಬಳಸುವ 'ಕ್ಯಾಲೋಟೈಪ್' ವಿಧಾನಕ್ಕೆ ಪೇಟೆಂಟ್ ಪಡೆದ. ಅದೇ ವರ್ಷ ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರು ತಿರುಪುಗಳ ಬಗ್ಗೆ ಒಂದು ಪ್ರಬಂಧ ಓದಿದ. ಅಲ್ಲಿಯವರೆಗೆ ಒಂದು ಕಾರ್ಖಾನೆಯ ಬೋಲ್ಟು ಇನ್ನೊಂದು ಕಾರ್ಖಾನೆಯ ನಟ್ಟಿಗೆ ಕೂಡುತ್ತಿರಲಿಲ್ಲ. ಪ್ರತಿಯೊಬ್ಬರದೂ ಅವರವರದೇ ಅಳತೆ. ವಿಟ್‌ವರ್ತ್ ಬೇರೆ ಬೇರೆ ಕಾರ್ಖಾನೆಗಳಿಂದ ಬೋಲ್ಟುಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದು, ಎಲ್ಲರಿಗೂ ಒಂದೇ ಅಳತೆಯನ್ನು ಸೂಚಿಸಿದ. ಕಾಲು ಇಂಚಿಗೆ ಅವನು ಗೊತ್ತುಮಾಡಿದ್ದು 20 ಸುತ್ತು. ನಿಮ್ಮ ಕ್ಯಾಮೆರಾದ ತಳದಲ್ಲಿರುವುದು ಆ ಲೆಕ್ಕವೇ. ಸುತ್ತಿನ ಕೋನ ಮಾತ್ರ ಅವನು ಹೇಳಿದ 55 ಡಿಗ್ರಿಯಿಂದ ಮುಂದೆ 60ಕ್ಕೆ ಬದಲಾಯಿತು.

ಈಗ ನಮ್ಮ ಊರಿಗೆ ಬರೋಣ. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಥಾಮಸ್ ಬಿಗ್ಸ್ ಎಂಬ ತೋಪಖಾನೆಯ ಅಧಿಕಾರಿಯನ್ನು ಮುಂಬಯಿ ಪ್ರಾಂತದ ಹಳೆಯ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವನು ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಟಾಲ್ಬಟ್ಟನ ಕಾಗದದ ನೆಗೆಟಿವಿನಿಂದಲೇ ಕೆಲಸ ಮಾಡಿದ. ಅದೇ ವರ್ಷದ ಕೊನೆಗೆ ಅವನನ್ನು ಸೈನ್ಯಕ್ಕೆ ಹಿಂದೆ ಕರೆಸಿಕೊಂಡರು, ಕೆಲಸವನ್ನು ಡಾ. ಪಿಗೂ ಎಂಬ ವೈದ್ಯ ಮುಂದುವರಿಸಿದ. ಬಿಜಾಪುರದ ಚಿತ್ರಗಳು ಉಳಿದವು. 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಬಿಜಾಪುರದ ವಾಸ್ತುಶಿಲ್ಪದ ದೊಡ್ಡ ಗ್ರಂಥದಲ್ಲಿ ಬಿಗ್ಸ್ ಮತ್ತು ಮೇಜರ್ ಲಾಕ್ ತೆಗೆದ ಚಿತ್ರಗಳಿವೆ. ಅದಕ್ಕೆ ಚರಿತ್ರೆಯ ಭಾಗವನ್ನು ಬರೆದವನು ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್. ನಿಮ್ಮಲ್ಲಿ ಅನೇಕರು ಅವನ ಹೆಸರನ್ನು ಕೇಳಿರಬಹುದು.

ಕಾಗದದ ನೆಗೆಟಿವಿಗೆ ಬೆಳಕು ಸಾಲುತ್ತಿರಲಿಲ್ಲ. ಹೊರಗಿನ ಬಿಸಿಲಿನಲ್ಲೂ ಎಷ್ಟೋ ಸಲ ನಿಮಿಷಗಟ್ಟಲೆ ಕ್ಯಾಮೆರಾದ ಕಣ್ಣು ತೆರೆದಿರಬೇಕು. ಆ ಹೊತ್ತಿನಲ್ಲಿ ಎದುರಿಗೆ ನಡೆದು ಹೋದ ಮನುಷ್ಯ ಚಿತ್ರದಲ್ಲಿ ಮೂಡುವುದೇ ಇಲ್ಲ. ಆ ಕಾಲದ ಬೀದಿಗಳು ಬಿಕೋ ಎನ್ನುವಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಮನುಷ್ಯ ಅಲುಗಿದರೆ ಅವನೊಬ್ಬ ಮಾಯವಾದಾನು. ಕ್ಯಾಮೆರಾ ಅಲುಗಿದರೆ ಗೋಳಗುಮ್ಮಟವೇ ಕೆಟ್ಟುಹೋಗುತ್ತದೆ. ಆದ್ದರಿಂದ ಮರದ ಪೆಟ್ಟಿಗೆಯಂಥ ಕ್ಯಾಮೆರಾ, ಅದರ ಕೆಳಗೆ ಮರದ ಮೂರು ಕಾಲು, ನಡುವೆ ಒಂದು ತಿರುಪು. ಇವಿಷ್ಟು ಗಟ್ಟಿಯಾಗಿ ನಿಂತದ್ದರಿಂದಲೇ 170 ವರ್ಷಗಳ ಹಿಂದಿನ ಬಿಜಾಪುರ ನಮಗೆ ಕಾಣುತ್ತಿದೆ. (2014ರ ನವೆಂಬರ್ 1ರಿಂದ ಊರಿನ ಅಧಿಕೃತ ಹೆಸರು ವಿಜಯಪುರ, ಹಳೆಯ ಪುಸ್ತಕಗಳಲ್ಲಿ ಹುಡುಕುವಾಗ ಬಿಜಾಪುರ ಎಂದೇ ಹುಡುಕಿ.)

ಈಗಿನ ಕ್ಯಾಮೆರಾಕ್ಕೆ ನಿಮಿಷಗಳು ಬೇಡ, ನಿಜ. ಆದರೂ ಮುಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಗೋಳಗುಮ್ಮಟದ ಒಳಗೆ ನಿಂತು ಮೇಲಿನ ಗುಮ್ಮಟವನ್ನು ಚಿತ್ರಿಸಬೇಕಾದರೆ, ಇಲ್ಲವೆ ತಿಕೋಟಾ ಕಡೆಯ ಶೆಡ್ಡಿನ ನೆರಳಿನಲ್ಲಿ ಬಲೆಯ ಮೇಲೆ ಒಣಗುತ್ತಿರುವ ದ್ರಾಕ್ಷಿಯನ್ನು ಚಿತ್ರಿಸಬೇಕಾದರೆ, ಅರ್ಧ ಸೆಕೆಂಡು, ಒಂದು ಸೆಕೆಂಡು ಬೇಕಾಗುತ್ತದೆ. ಅಷ್ಟು ಹೊತ್ತು ಯಾರ ಕೈಯೂ ನಿಲ್ಲದು.

ಪ್ರತಿ ಸಲವೂ ತಿರುಪು ಸುತ್ತಿ ಬಿಗಿಯುವುದು ಬೇಸರದ ಕೆಲಸವೆಂದು ಬಂದದ್ದೇ ಕ್ವಿಕ್ ರಿಲೀಸ್. ಇದರಲ್ಲಿ ಎರಡು ಭಾಗ. ಒಂದು ಚಿಕ್ಕ ಪ್ಲೇಟು. ಅದನ್ನು ಕ್ಯಾಮೆರಾದ ತಳಕ್ಕೆ ಆ ಕಾಲು ಇಂಚಿನ ತಿರುಪಿನಿಂದ ಬಿಗಿದು ಹಾಗೆಯೇ ಬಿಡುತ್ತೇವೆ. ಇನ್ನೊಂದು, ಸ್ಟ್ಯಾಂಡಿನ ತಲೆಯ ಮೇಲಿರುವ ಕ್ಲಾಂಪು. ಪ್ಲೇಟನ್ನು ಅದರಲ್ಲಿ ಕೂರಿಸಿ ಹಿಡಿ ತಿರುಗಿಸಿದರೆ ಮುಗಿಯಿತು.

ಆದರೆ ಇತಿಹಾಸ ಇಲ್ಲಿ ಹಿಂದಕ್ಕೆ ನಡೆಯಿತು ಎನ್ನಬೇಕು. ವಿಟ್‌ವರ್ತ್ ಕಷ್ಟಪಟ್ಟು ಒಂದು ಮಾಡಿದ್ದನ್ನು ಸ್ಟ್ಯಾಂಡ್ ತಯಾರಿಸುವ ಕಂಪನಿಗಳು ಮತ್ತೆ ಹರಿದು ಹಂಚಿದವು. ಒಬ್ಬರದು ಚೌಕ, ಒಬ್ಬರದು ಆರು ಮೂಲೆ, ಒಬ್ಬರದು ಉದ್ದನೆಯದು. ಒಂದರ ಪ್ಲೇಟು ಇನ್ನೊಂದರ ಕ್ಲಾಂಪಿಗೆ ಕೂಡುವುದಿಲ್ಲ. ಇದರ ಪೆಟ್ಟು ನನಗೂ ತಗುಲಿದೆ. ಬಬಲೇಶ್ವರದಲ್ಲಿ ಒಂದು ಹಳೆಯ ಮನೆಯ ಪಡಸಾಲೆಯ ಕೆತ್ತನೆಯ ಕಂಬಗಳನ್ನು ಚಿತ್ರಿಸಲು ಹೋಗಿದ್ದೆ. ಮನೆಯ ಅಜ್ಜ, "ಇವತ್ತ ತಕ್ಕೋ ತಮ್ಮಾ, ನಾಳಿಂದ ಕೆಡವಾಕ ಹಚ್ಚತೀವಿ" ಎಂದರು. ಸ್ಟ್ಯಾಂಡ್ ಬಿಡಿಸಿದರೆ ತಲೆಯ ಮೇಲೆ ಪ್ಲೇಟಿಲ್ಲ. ಅದು ವಿಜಯಪುರದಲ್ಲಿ, ಮನೆಯಲ್ಲಿದ್ದ ಇನ್ನೊಂದು ಕ್ಯಾಮೆರಾದ ತಳದಲ್ಲಿತ್ತು. ಜೊತೆಗೆ ಬಂದಿದ್ದ ಗೆಳೆಯನ ಬಳಿ ಪ್ಲೇಟಿತ್ತು, ಆದರೆ ಅದು ಬೇರೆ ಕಂಪನಿಯದು. ಕ್ಯಾಮೆರಾವನ್ನು ಕಾಳಿನ ಚೀಲದ ಮೇಲಿಟ್ಟು ತೆಗೆದೆ. ಕಂಬಗಳು ಎರಡೆರಡಾಗಿ ಮೂಡಿದವು. ಮುಂದಿನ ವಾರ ಹೋದಾಗ ಅಲ್ಲಿ ಪಾಯ ತೋಡುತ್ತಿದ್ದರು.

ಹೀಗಾಗಿ ನನ್ನ ಮೊದಲ ಸಲಹೆ: ನಾಲ್ಕು ಜನರಲ್ಲಿ ಇರುವ ಪ್ಲೇಟನ್ನೇ ಆರಿಸಿಕೊಳ್ಳಿ. ಈಗ ಹೆಚ್ಚು ಬಳಕೆಯಲ್ಲಿರುವುದು 'ಆರ್ಕಾ-ಸ್ವಿಸ್' ಮಾದರಿ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಒಂದು ಸಂಸ್ಥೆಯ ಹೆಸರು ಅದಕ್ಕೆ ಅಂಟಿಕೊಂಡಿದೆಯಾದರೂ ಈ ಮಾದರಿಯನ್ನು ಇಂದು ಎಷ್ಟೋ ಕಂಪನಿಗಳು ಮಾಡುತ್ತವೆ. ಪ್ಲೇಟಿನ ಎರಡು ಅಂಚುಗಳು ಇಳಿಜಾರಾಗಿವೆ, ಅಗಲ ಸುಮಾರು 38 ಮಿಲಿಮೀಟರು. ಕ್ಲಾಂಪಿನ ಎರಡು ದವಡೆಗಳು ಆ ಅಂಚುಗಳನ್ನು ಕಚ್ಚಿ ಹಿಡಿಯುತ್ತವೆ. ವಿಟ್‌ವರ್ತನ ತಿರುಪಿಗಿದ್ದಂಥ ಕಟ್ಟುನಿಟ್ಟಾದ ಅಳತೆ ಇದಕ್ಕಿಲ್ಲ, ಕಂಪನಿಯಿಂದ ಕಂಪನಿಗೆ ಕೂದಲೆಳೆಯಷ್ಟು ವ್ಯತ್ಯಾಸವುಂಟು. ಅದಕ್ಕೇ ಸನ್ನೆಯಂತೆ ಒತ್ತಿ ಮುಚ್ಚುವ ಕ್ಲಾಂಪಿಗಿಂತ ಗುಬುಟು ತಿರುಗಿಸಿ ಬಿಗಿಯುವ ಕ್ಲಾಂಪು ಮೇಲು. ತುಸು ನಿಧಾನ, ಆದರೆ ಯಾವ ಪ್ಲೇಟಿನ ಅಗಲಕ್ಕೂ ಹೊಂದಿಕೊಳ್ಳುತ್ತದೆ.

ಪುಟ್ಟ ಕ್ಯಾಮೆರಾಕ್ಕೆ ಇನ್ನೊಂದು ತೊಡಕಿದೆ. ಅದರ ತಳ ಚಿಕ್ಕದು. ತಿರುಪಿನ ತೂತಿನ ಪಕ್ಕದಲ್ಲೇ ಬ್ಯಾಟರಿಯ ಬಾಗಿಲು. ದೊಡ್ಡ ಪ್ಲೇಟು ಹಾಕಿದರೆ ಬಾಗಿಲು ಮುಚ್ಚಿಹೋಗಿ, ಬ್ಯಾಟರಿ ಬದಲಿಸುವಾಗಲೆಲ್ಲ ಪ್ಲೇಟು ಬಿಚ್ಚಬೇಕು. ಹಾಗಾದರೆ ಕ್ವಿಕ್ ರಿಲೀಸ್ ಕೊಂಡ ಪುರುಷಾರ್ಥವೇನು? ಅಂಗಡಿಗೆ ಕ್ಯಾಮೆರಾವನ್ನೇ ಒಯ್ಯಿರಿ. ಇರುವುದರಲ್ಲಿ ಚಿಕ್ಕ ಪ್ಲೇಟನ್ನು ಹಾಕಿಸಿ, ಬಾಗಿಲು ತೆರೆಯುತ್ತದೆಯೇ ಎಂದು ಅಲ್ಲೇ ನೋಡಿ. ಪ್ಲೇಟಿನ ಮೇಲೆ ರಬ್ಬರು ಇರಲಿ, ಇಲ್ಲವಾದರೆ ಕ್ಯಾಮೆರಾವನ್ನು ನಿಲುವಾಗಿ ತಿರುಗಿಸಿದಾಗ ಮೆಲ್ಲಗೆ ಜಾರುತ್ತದೆ. ತಿರುಪನ್ನು ನಾಣ್ಯದಿಂದ ತಿರುಗಿಸಲು ಬರುವಂತಿದ್ದರೆ ಒಳ್ಳೆಯದು; ವಿಶೇಷ ಕೀಲಿ ಬೇಕಾದದ್ದು ಹಳ್ಳಿಯಲ್ಲಿ ಕೈಕೊಡುತ್ತದೆ. ಪ್ಲಾಸ್ಟಿಕ್ ತಳದ ಕ್ಯಾಮೆರಾವನ್ನು ಜೋರಾಗಿ ಬಿಗಿಯಬೇಡಿ.

ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ನಿಮ್ಮಲ್ಲಿರುವುದು ಒಂದೇ ಕ್ಯಾಮೆರಾ, ಸ್ಟ್ಯಾಂಡ್ ಹಿಡಿಯುವುದು ವರ್ಷಕ್ಕೆರಡು ಸಲ ಎಂದಾದರೆ ಕ್ವಿಕ್ ರಿಲೀಸಿಗೆ ಹಣ ಸುರಿಯಬೇಡಿ. ಬಿಗ್ಸನಿಗೆ ಸಾಕಾದ ತಿರುಪು ನಿಮಗೂ ಸಾಕು. ಒಂದೇ ದಿನದಲ್ಲಿ ಹತ್ತಾರು ಕಡೆ ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು ಮತ್ತೆ ಸ್ಟ್ಯಾಂಡಿಗೆ ಏರಿಸುವವರಿಗೆ ಅದು ಬೇಕು.

ಇನ್ನು ಹೊರಡುವ ಮುನ್ನ. ಗೋಳಗುಮ್ಮಟ, ಇಬ್ರಾಹಿಂ ರೋಜಾಗಳಂತೆ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಸ್ಟ್ಯಾಂಡ್ ಇಟ್ಟು ಚಿತ್ರ ತೆಗೆಯಲು ಮೊದಲೇ ಅನುಮತಿ ಪಡೆಯಬೇಕು; ನಿಮ್ಮ ಶಾಲೆ ಅಥವಾ ಕಾಲೇಜಿನ ಮುಖಾಂತರ ಅರ್ಜಿ ಕೊಡಿ. ಪ್ಲೇಟು ಕೂರಿಸಿ ಕ್ಲಾಂಪು ಬಿಗಿದ ಮೇಲೆ, ಕ್ಯಾಮೆರಾದ ಪಟ್ಟಿಯನ್ನು ಕೈಗೆ ಸುತ್ತಿಕೊಂಡೇ ಒಮ್ಮೆ ಮೆಲ್ಲಗೆ ಎಳೆದು ನೋಡಿ, ಆಮೇಲೆ ಕೈಬಿಡಿ. ಬಟನ್ ಒತ್ತುವಾಗಲೂ ಕ್ಯಾಮೆರಾ ನಡುಗುತ್ತದೆ, ಎರಡು ಸೆಕೆಂಡಿನ ಟೈಮರ್ ಇಡಿ. ಚಿತ್ರ ಬಂದ ಮೇಲೆ ನೋಟ್‌ಬುಕ್ಕಿನಲ್ಲಿ ಊರು, ದಿನಾಂಕ, ಹೊತ್ತು, ಸ್ಟ್ಯಾಂಡಿನ ಕಾಲು ಯಾವ ಕಟ್ಟೆಯಿಂದ ಎಷ್ಟು ಹೆಜ್ಜೆ ದೂರದಲ್ಲಿತ್ತು ಎಂಬುದನ್ನು ಬರೆದಿಡಿ. ಅದೇ ಜಾಗದಲ್ಲಿ ಇನ್ನೊಬ್ಬರು ನಿಲ್ಲಬೇಕಾಗಬಹುದು.