ಬಾಲಿಕೆಯರೂ ಯಂತ್ರಶಿಲ್ಪವಿದ್ಯೆಯೂ

ವಿದ್ಯೆಯು ಮನುಷ್ಯನಿಗೆ ಮೂರನೆಯ ಕಣ್ಣೆಂದು ಹಿರಿಯರು ಹೇಳುತ್ತ ಬಂದಿರುವರು. ಆದರೆ ಆ ಕಣ್ಣನ್ನು ಯಾರಿಗೆ ತೆರೆಯಿಸಬೇಕು, ಯಾವ ವಯಸ್ಸಿನಲ್ಲಿ ತೆರೆಯಿಸಬೇಕು, ಅದರಿಂದ ಏನನ್ನು ನೋಡಗೊಡಬೇಕು ಎಂಬ ವಿಷಯಗಳಲ್ಲಿ ಲೋಕವು ಬಹುಕಾಲ ಪಕ್ಷಪಾತವನ್ನೇ ತೋರಿಸಿತು. ಹೆಣ್ಣುಮಕ್ಕಳಿಗೆ ಓದುಬರಹವೇ ಬೇಡವೆಂಬ ಕಾಲವು ಕಳೆದು, ಮನೆವಾರ್ತೆಗೆ ಒದಗುವಷ್ಟು ಓದಿದರೆ ಸಾಕೆಂಬ ಕಾಲವು ಬಂದಿತು. ಅದೂ ಕಳೆದು, ಉಪಾಧ್ಯಾಯಿನಿಯ ಉದ್ಯೋಗವೂ ವೈದ್ಯವೃತ್ತಿಯೂ ಅವರಿಗೆ ಸಲ್ಲುವವೆಂದು ಜನರು ಒಪ್ಪಿದರು. ಸೇತುವೆ, ಅಣೆಕಟ್ಟು, ವಿದ್ಯುದ್ಯಂತ್ರಗಳ ವಿದ್ಯೆಯ ಬಾಗಿಲು ಮಾತ್ರ ಕಟ್ಟಕಡೆಗೆ ತೆರೆಯಿತು. ಅದು ತೆರೆದ ಬಗೆಯನ್ನು ವಿಚಾರಿಸಿದರೆ, ಆ ಬಾಗಿಲಿನ ಅಗುಳಿಯು ಬಹುಮಟ್ಟಿಗೆ ಮನೆಯವರ ಕೈಯಲ್ಲಿಯೇ ಇದ್ದಿತೆಂಬುದು ಗೋಚರವಾಗುವುದು.

ಮೈಸೂರು ಸೀಮೆಯ ಚರಿತ್ರೆಯನ್ನೇ ನೋಡಬಹುದು. 1881ನೆಯ ಇಸವಿಯಲ್ಲಿ ಮೈಸೂರು ನಗರದಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು ಸ್ಥಾಪಿತವಾಯಿತು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುಚ್ಛಕ್ತಿಯು ಉತ್ಪನ್ನವಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1917ರಲ್ಲಿ ದಿವಾನ್ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಇಂಜನಿಯರಿಂಗ್ ಕಾಲೇಜು ಆರಂಭವಾಯಿತು. ಸ್ತ್ರೀವಿದ್ಯೆ, ಯಂತ್ರವಿದ್ಯೆ ಎಂಬ ಎರಡು ಹೊಳೆಗಳು ಹೀಗೆ ಒಂದೇ ನಾಡಿನಲ್ಲಿ ಹುಟ್ಟಿ ಹರಿದರೂ, ಅವುಗಳ ಸಂಗಮಕ್ಕೆ ಇನ್ನೂ ಹಲವು ವರುಷಗಳು ಬೇಕಾದುವು.

ಆ ಸಂಗಮವು ದಕ್ಷಿಣ ದೇಶದಲ್ಲಿ ಮೊದಲು ಕಾಣಿಸಿಕೊಂಡುದು ಮದರಾಸಿನ ಗಿಂಡಿಯಲ್ಲಿ. 1794ರಲ್ಲಿ ಭೂಮಾಪನದ ಶಾಲೆಯಾಗಿ ಹುಟ್ಟಿದ ಅಲ್ಲಿಯ ಕಾಲೇಜಿನಲ್ಲಿ ಪಪ್ಪು ಸುಬ್ಬರಾಯರು ವಿದ್ಯುಚ್ಛಾಸ್ತ್ರದ ಪ್ರೊಫೆಸರರಾಗಿದ್ದರು. ಅವರ ಮಗಳು ಲಲಿತಾ 1919ರಲ್ಲಿ ಜನಿಸಿದರು. ಅಂದಿನ ಪದ್ಧತಿಯಂತೆ ಹದಿನೈದನೆಯ ವಯಸ್ಸಿನಲ್ಲಿ ಅವರ ವಿವಾಹವು ನೆರವೇರಿತು. 1937ರಲ್ಲಿ ಒಂದು ಹೆಣ್ಣುಮಗುವು ಹುಟ್ಟಿತು. ಮಗುವಿಗೆ ನಾಲ್ಕು ತಿಂಗಳು ತುಂಬುವ ವೇಳೆಗೆ ಪತಿಯು ಮರಣಹೊಂದಿದನು. ಹದಿನೆಂಟು ವರುಷದ ವಿಧವೆಗೆ ಅಂದಿನ ಸಮಾಜವು ಗೊತ್ತುಮಾಡಿದ್ದ ಬಾಳು ಯಾವುದೆಂಬುದನ್ನು ವಿವರಿಸಬೇಕಾಗಿಲ್ಲ. ಲಲಿತಾ ಅವರು ಆ ಬಾಳಿಗೆ ತಲೆಬಾಗಲಿಲ್ಲ. ತಂದೆಯೂ ಅವರನ್ನು ಅದಕ್ಕೆ ಒಪ್ಪಿಸಲಿಲ್ಲ. ವೈದ್ಯವಿದ್ಯೆಯನ್ನು ಕಲಿಯಬಹುದಾಗಿತ್ತು, ಆದರೆ ಅಪರಾತ್ರಿಯಲ್ಲಿ ಕರೆ ಬಂದರೆ ಮಗುವನ್ನು ಬಿಟ್ಟು ಹೋಗಬೇಕಾಗುವುದೆಂದು ಅವರು ಆಲೋಚಿಸಿದರು. ನಿಯತವಾದ ಹೊತ್ತಿನ ಕೆಲಸವೇ ತಾಯಿಗೆ ಅನುಕೂಲವೆಂದು ಎಣಿಸಿ, ತಂದೆಯೂ ಸೋದರರೂ ಅನುಸರಿಸಿದ ಇಂಜನಿಯರಿಂಗ್ ವಿದ್ಯೆಯನ್ನೇ ಆರಿಸಿಕೊಂಡರು.

ಸುಬ್ಬರಾಯರು ಪ್ರಿನ್ಸಿಪಾಲ್ ಕೆ. ಸಿ. ಚಾಕೋ ಅವರಲ್ಲಿ ವಿಜ್ಞಾಪಿಸಿಕೊಳ್ಳಲು, ಚಾಕೋ ಅವರು ಸಮ್ಮತಿಸಿದರು. ವಿದ್ಯಾ ಇಲಾಖೆಯ ಅನುಮತಿಯೂ ದೊರೆಯಿತು. ಆದರೆ ಬಾಲಕರಿಂದಲೇ ತುಂಬಿದ ಆ ಕಾಲೇಜಿನಲ್ಲಿ ಒಬ್ಬಂಟಿಯಾಗಿರುವುದು ಲಲಿತಾ ಅವರಿಗೆ ಬೇಸರವನ್ನುಂಟುಮಾಡಿತು. ಆಗ ಸುಬ್ಬರಾಯರ ಒತ್ತಾಯದ ಮೇರೆಗೆ, ಸ್ತ್ರೀಯರನ್ನೂ ಸೇರಿಸಿಕೊಳ್ಳುವುದಾಗಿ ಕಾಲೇಜು ಬಹಿರಂಗವಾಗಿ ಪ್ರಕಟಿಸಿತು. ಆ ಪ್ರಕಟನೆಯನ್ನು ಕಂಡು ಲೀಲಮ್ಮ ಜಾರ್ಜ್, ಪಿ. ಕೆ. ತ್ರೇಸ್ಯಾ ಎಂಬ ಇಬ್ಬರು ತರುಣಿಯರು ಸಿವಿಲ್ ಶಾಖೆಗೆ ಬಂದು ಸೇರಿದರು. ಒಬ್ಬ ಮಗಳಿಗಾಗಿ ತೆರೆದ ಬಾಗಿಲು ಪರರ ಮಕ್ಕಳಿಗೂ ತೆರೆದಂತಾಯಿತು. 1943ರಲ್ಲಿ ಲಲಿತಾ ಅವರು ತೇರ್ಗಡೆ ಹೊಂದಿದಾಗ, ಪುರುಷರಿಗಾಗಿಯೇ ಅಚ್ಚಾಗಿದ್ದ ಪ್ರಮಾಣಪತ್ರದಲ್ಲಿ ‘ಅವನು’ ಎಂಬ ಅರ್ಥದ ಇಂಗ್ಲಿಷ್ ಪದವನ್ನು ಹೊಡೆದುಹಾಕಿ ‘ಅವಳು’ ಎಂಬುದನ್ನು ಕೈಯಿಂದ ಬರೆಯಬೇಕಾಯಿತು.

ಜಮಾಲಪುರದ ರೈಲ್ವೆ ಕಾರ್ಯಾಗಾರದಲ್ಲಿ ಅನುಭವವನ್ನು ಪಡೆದ ಮೇಲೆ ಅವರು 1944ರಲ್ಲಿ ಸಿಮ್ಲಾದಲ್ಲಿ ಸರ್ಕಾರದ ಉದ್ಯೋಗವನ್ನು ಕೈಕೊಂಡರು. 1948ರಲ್ಲಿ ಕಲ್ಕತ್ತೆಯ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಎಂಬ ಕಂಪೆನಿಯನ್ನು ಸೇರಿ, ವಿದ್ಯುತ್ತಂತಿಗಳ ಮಾರ್ಗಗಳನ್ನೂ ಉಪಕೇಂದ್ರಗಳನ್ನೂ ರಚಿಸುವ ಕಾರ್ಯದಲ್ಲಿ ನಿರತರಾದರು. ಭಾಕ್ರಾ ನಂಗಲ್ ಅಣೆಕಟ್ಟಿನ ವಿದ್ಯುಜ್ಜನಕ ಯಂತ್ರಗಳ ಕೆಲಸದಲ್ಲಿಯೂ ಅವರ ಕೈಯಿದ್ದಿತು. 1964ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಸ್ತ್ರೀ ಇಂಜನಿಯರುಗಳ ಮತ್ತು ವಿಜ್ಞಾನಿಗಳ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಲನಕ್ಕೆ ಹೋಗಿಬಂದರು. 1979ರಲ್ಲಿ ಕಾಲವಶರಾದರು. ಸಹಪಾಠಿಗಳಾದ ತ್ರೇಸ್ಯಾ ಅವರು 1971ರಲ್ಲಿ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಇಂಜನಿಯರರಾದರು.

ಕನ್ನಡ ನಾಡಿನಲ್ಲಿ ಇದಕ್ಕೆ ಸಮನಾದ ನಿದರ್ಶನವೆಂದರೆ ರಾಜೇಶ್ವರಿ ಚಟರ್ಜಿಯವರದು. 1922ರಲ್ಲಿ ಜನಿಸಿದ ಇವರ ಅಜ್ಜಿಯವರಾದ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ಸ್ತ್ರೀ ಪದವೀಧರರಲ್ಲಿ ಒಬ್ಬರು. ಬೆಂಗಳೂರಿನ ಮಹಿಳಾ ಸೇವಾ ಸಮಾಜದ ಮೂಲಕ ಸ್ತ್ರೀವಿದ್ಯೆಗಾಗಿ ದುಡಿದವರು. ಮೊಮ್ಮಗಳ ಅಕ್ಷರಾಭ್ಯಾಸವು ಆ ಸಮಾಜದ ಶಾಲೆಯಲ್ಲಿಯೇ ನಡೆಯಿತು. ಓದುವುದು ಹೆಣ್ಣಿಗೆ ಸಹಜವೆಂಬ ಭಾವನೆಯು ಆ ಬಾಲಿಕೆಗೆ ಉಪದೇಶದಿಂದ ಬಂದುದಲ್ಲ. ಅಜ್ಜಿಯನ್ನು ನೋಡಿಯೇ ಬಂದಿತು. ಚರಿತ್ರೆಯ ವಿಷಯದಲ್ಲಿ ಮನಸ್ಸಿದ್ದರೂ ಗಣಿತ, ವಿಜ್ಞಾನಗಳನ್ನು ಆರಿಸಿಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ ಗಣಿತಶಾಸ್ತ್ರದ ಎಂ. ಎಸ್‌ಸಿ. ಪದವಿಯನ್ನು ಪ್ರಥಮಸ್ಥಾನದೊಡನೆ ಪಡೆದರು. 1943ರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಸಂಸ್ಥೆಯನ್ನು ಸೇರಿದರು. 1947ರಲ್ಲಿ ಹಡಗನ್ನೇರಿ ಅಮೆರಿಕಕ್ಕೆ ಹೋಗಿ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗಮಾಡಿ, 1953ರಲ್ಲಿ ಡಾಕ್ಟರ್ ಪದವಿಯೊಡನೆ ಸ್ವದೇಶಕ್ಕೆ ಮರಳಿದರು. ಅದೇ ಸಂಸ್ಥೆಯಲ್ಲಿ ಬೋಧಕರಾಗಿ, ಮೈಕ್ರೋವೇವ್ ಎಂದು ಕರೆಯಲ್ಪಡುವ ಸೂಕ್ಷ್ಮತರಂಗಗಳನ್ನೂ ಆಂಟೆನಾಗಳನ್ನೂ ಕುರಿತು ಸಂಶೋಧನೆಯನ್ನು ನಡೆಯಿಸಿ, 1982ರಲ್ಲಿ ನಿವೃತ್ತರಾದರು. ಅವರ ಪುತ್ರಿಯೂ ಅಮೆರಿಕದಲ್ಲಿ ವಿದ್ಯುದಿಂಜನಿಯರಿಂಗ್ ಪ್ರಾಧ್ಯಾಪಿಕೆಯಾದುದು, ಅಜ್ಜಿಯು ನೆಟ್ಟ ಬಳ್ಳಿಯು ಮುಂದಣ ತಲೆಮಾರುಗಳಿಗೂ ಹಬ್ಬಿತೆಂಬುದಕ್ಕೆ ಸಾಕ್ಷಿಯು.

ಉತ್ತರ ಕರ್ನಾಟಕದಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1947ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿ ಇಂಜನಿಯರಿಂಗ್ ಕಾಲೇಜನ್ನು ಸ್ಥಾಪಿಸಿತು. 1968ರಲ್ಲಿ ಅಲ್ಲಿಗೆ ಸೇರಿದ ಸುಧಾ ಕುಲಕರ್ಣಿಯವರು, ಎಂದರೆ ಮುಂದೆ ಸುಧಾ ಮೂರ್ತಿಯವರೆಂದು ಪ್ರಸಿದ್ಧರಾದವರು, ಅಲ್ಲಿ ಒಬ್ಬರೇ ವಿದ್ಯಾರ್ಥಿನಿಯಾಗಿದ್ದರು. ಹೆಣ್ಣುಮಕ್ಕಳಿಗೆಂದು ಅಲ್ಲಿ ಶೌಚಗೃಹವೂ ಇರಲಿಲ್ಲವೆಂದು ಅವರೇ ಮುಂದೆ ಹೇಳಿಕೊಂಡಿರುವರು. 1974ರಲ್ಲಿ ಟೆಲ್ಕೋ ಕಂಪೆನಿಯ ಜಾಹೀರಾತಿನಲ್ಲಿ ಸ್ತ್ರೀಯರು ಅರ್ಜಿ ಹಾಕಬೇಕಾಗಿಲ್ಲವೆಂದಿರಲು, ಅವರು ಜೆ. ಆರ್. ಡಿ. ಟಾಟಾ ಅವರಿಗೆ ಕಾರ್ಡನ್ನು ಬರೆದು ಪ್ರಶ್ನಿಸಿ, ಆ ಉದ್ಯೋಗವನ್ನು ಗಳಿಸಿದರು.

ಈ ಚರಿತ್ರೆಗಳನ್ನು ಓದಿ ಹೆಮ್ಮೆಪಡುವುದು ಸುಲಭವು. ಆದರೆ ಇವುಗಳೊಳಗೆ ಒಂದು ಕಠಿನವಾದ ಪ್ರಶ್ನೆಯು ಅಡಗಿದೆ. ಲಲಿತಾ ಅವರಿಗೆ ಅದೇ ಕಾಲೇಜಿನ ಪ್ರೊಫೆಸರರೇ ತಂದೆ. ರಾಜೇಶ್ವರಿಯವರಿಗೆ ಪದವೀಧರೆಯೇ ಅಜ್ಜಿ. ಅಂತಹ ತಂದೆಯೂ ಅಂತಹ ಅಜ್ಜಿಯೂ ಇಲ್ಲದ ಬಾಲಿಕೆಯರ ಗತಿಯೇನು? ಅದೇ ವರುಷಗಳಲ್ಲಿ ಅಷ್ಟೇ ಬುದ್ಧಿಯುಳ್ಳ ಎಷ್ಟು ಮಂದಿ ಬಾಲವಿಧವೆಯರು ಅಡಿಗೆಮನೆಯ ಮೂಲೆಯಲ್ಲಿ ಬಾಳನ್ನು ಸವೆಯಿಸಿದರೋ, ಅವರ ಹೆಸರನ್ನು ಬರೆದಿಟ್ಟವರಿಲ್ಲ. ಬಂದವರನ್ನು ಲೋಕವು ಕೊಂಡಾಡುತ್ತದೆ. ಬಾರದೆ ಹೋದವರ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಹುಡುಗಿಯು ಪ್ರಾಯಕ್ಕೆ ಬಂದ ಮೇಲೆ ತನಗೆ ಬೇಕಾದ ವಿದ್ಯೆಯನ್ನು ತಾನೇ ಆರಿಸಿಕೊಳ್ಳಲಿ, ಎಳೆಯ ವಯಸ್ಸಿನಲ್ಲಿ ಪ್ರೇರೇಪಣೆಯೇಕೆಂದು ಕೆಲವರು ಕೇಳುವುದುಂಟು. ಮಾತು ನ್ಯಾಯವಾಗಿ ತೋರಿದರೂ ಅದರಲ್ಲಿ ಒಂದು ಲೋಪವಿರುವುದು. ಯಂತ್ರಶಿಲ್ಪವು ಗಣಿತದ ಅಡಿಗಲ್ಲಿನ ಮೇಲೆ ನಿಂತ ಕಟ್ಟಡವು. ಲೆಕ್ಕವು ಹೆಣ್ಣಿಗೆ ಹತ್ತದೆಂದು ಹತ್ತನೆಯ ವಯಸ್ಸಿನಲ್ಲಿ ಕೇಳಿ ನಂಬಿದ ಬಾಲಿಕೆಗೆ ಹದಿನೆಂಟನೆಯ ವಯಸ್ಸಿನಲ್ಲಿ ಆರಿಸಿಕೊಳ್ಳಲು ಏನೂ ಉಳಿದಿರುವುದಿಲ್ಲ. ಮನೆಯಲ್ಲಿ ಸೈಕಲ್ಲು ಕೆಟ್ಟರೆ ತಿರುಪುಳಿಯನ್ನು ಗಂಡುಹುಡುಗನ ಕೈಗೆ ಕೊಟ್ಟು, ಹೆಣ್ಣುಹುಡುಗಿಯನ್ನು ದೂರ ಸರಿಯೆನ್ನುವುದು ವಾಡಿಕೆಯಾಗಿದೆ. ಪ್ರೇರೇಪಣೆಯಿಲ್ಲದ ಬಾಲ್ಯವೆಂಬುದೇ ಇಲ್ಲ. ಮಗುವು ಮುಂದಕ್ಕೆ ಪ್ರೇರಿತವಾಗುವುದು, ಇಲ್ಲವೆ ಹಿಂದಕ್ಕೆ ಪ್ರೇರಿತವಾಗುವುದು.

ಆದುದರಿಂದ ಒಬ್ಬ ಸುಬ್ಬರಾಯರು, ಒಬ್ಬ ಕಮಲಮ್ಮನವರು ತಮ್ಮ ಮನೆಯ ಮಕ್ಕಳಿಗೆ ಮಾಡಿದುದನ್ನು ಊರಿನ ಶಾಲೆಯು ಊರಿನ ಮಕ್ಕಳೆಲ್ಲರಿಗೂ ಮಾಡಬೇಕು. ಕೆರೆಯ ತೂಬು ನೀರನ್ನು ಹೇಗೆ ತಡೆಯುವುದು, ಹೇಗೆ ಬಿಡುವುದು ಎಂಬುದನ್ನು ಬಾಲಿಕೆಯರನ್ನು ಕರೆದೊಯ್ದು ತೋರಿಸಲಿ. ಕೆಟ್ಟ ಪಂಪನ್ನು ಬಿಚ್ಚಿ ಜೋಡಿಸಲು ಅವರ ಕೈಗೂ ಕೊಡಲಿ. ತಪ್ಪಿದ ಲೆಕ್ಕವನ್ನು ನಗದೆ ತಿದ್ದಲಿ. ಹಳ್ಳಿಯ ಬಡ ಮಕ್ಕಳಿಗೆ ಅನ್ನವನ್ನೂ ಆಶ್ರಯವನ್ನೂ ಇತ್ತು ಓದಿಸಿದ ಕೀರ್ತಿಯು ಕನ್ನಡ ನಾಡಿನ ಮಠಗಳಿಗೆ ಸಲ್ಲುವುದು. ದೂರದ ಕಾಲೇಜಿಗೆ ಮಗಳನ್ನು ಕಳುಹಿಸಲು ಅಂಜುವ ತಂದೆತಾಯಿಗಳಿಗೆ ಅಂತಹದೇ ನಿರ್ಭಯವಾದ ವಸತಿಯೊಂದು ದೊರೆತರೆ ಅರ್ಧ ದಾರಿಯು ಸವೆದಂತಾಗುವುದು. ಲಲಿತಾ ಅವರ ಪ್ರಮಾಣಪತ್ರದಲ್ಲಿ ಒಂದು ಪದವನ್ನು ತಿದ್ದುವುದಕ್ಕೆ ಒಂದು ಗಳಿಗೆಯು ಸಾಕಾಯಿತು. ಆ ಪದವನ್ನು ಜನರ ಮನಸ್ಸಿನಲ್ಲಿ ತಿದ್ದುವ ಕೆಲಸವು ಪ್ರತಿಯೊಂದು ಮನೆಯಲ್ಲಿ, ಪ್ರತಿಯೊಬ್ಬ ಬಾಲಿಕೆಯ ಎಳವೆಯಲ್ಲಿ, ಹೊಸದಾಗಿ ಆಗಬೇಕಾಗಿದೆ.